ಕಾಯಕಕ್ಕೆ ಬದಲಿಯಾಳಿಲ್ಲ

ಶಿವಭಕ್ತನಾದವನು ತನ್ನ ಇಷ್ಟಲಿಂಗವನ್ನು ತಾನೇ ಪೂಜಿಸಬೇಕು. ಹಣ ತೆತ್ತು ಪರರಿಂದ ಪೂಜೆ ಮಾಡಿಸಿ, ಅದರ ಫಲವನ್ನು ತನ್ನ ಲೆಕ್ಕಕ್ಕೆ ಬರೆಸಿಕೊಳ್ಳುವ ಪದ್ಧತಿಗೆ ನಮ್ಮ ಧರ್ಮದಲ್ಲಿ ಎಡೆಯಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಸಾರಿದ ಈ ತತ್ತ್ವವು ಪೂಜೆಗೆ ಮಾತ್ರ ಸೀಮಿತವಾದುದಲ್ಲ. ಕಾಯಕಕ್ಕೂ ಅದೇ ನಿಯಮ, ಪ್ರಾಯಶ್ಚಿತ್ತಕ್ಕೂ ಅದೇ ನಿಯಮ. ಮಾಡಿದವನೇ ತಿದ್ದಿಕೊಳ್ಳಬೇಕು, ತಪ್ಪಿದವನೇ ತೊಳೆದುಕೊಳ್ಳಬೇಕು. ಈ ತತ್ತ್ವವನ್ನು ತಲೆಕೆಳಗು ಮಾಡುವ ಹೊಸದೊಂದು ವ್ಯಾಪಾರವು ಇಂದು ದೂರದ ನಗರಗಳಿಂದ ಹೊರಟು ನಮ್ಮ ಹೊಲಗಳ ಬದುವಿನ ತನಕ ಬಂದು ನಿಂತಿದೆ. ಕಾರ್ಬನ್ ಕ್ರೆಡಿಟ್ ಎಂಬುದು ಅದರ ಹೆಸರು. ಅದನ್ನು ಪರಿಸರ ಸೇವೆಯೆಂದು ಕೊಂಡಾಡುವವರು ಬಹಳ ಮಂದಿ. ಸದ್ಭಕ್ತರು ಕೈಮುಗಿಯುವ ಮೊದಲು ಅದರ ಒಳಗನ್ನು ಬಿಚ್ಚಿ ನೋಡುವುದು ಲೇಸು.

ವಿಜ್ಞಾನದ ಮಾತನ್ನು ನಾವು ಅಲ್ಲಗಳೆಯುತ್ತಿಲ್ಲ. ಕಲ್ಲಿದ್ದಲು, ತೈಲಗಳನ್ನು ಸುಟ್ಟ ಹೊಗೆಯಿಂದ ವಾಯುಮಂಡಲದಲ್ಲಿ ಅಂಗಾರಾಮ್ಲ ವಾಯು, ಎಂದರೆ ಇಂದಿನ ಪಠ್ಯಗಳು ಇಂಗಾಲದ ಡೈಆಕ್ಸೈಡ್ ಎಂದು ಕರೆಯುವ ವಾಯು, ಏರುತ್ತಲೇ ಇದೆ. ಯಂತ್ರಯುಗಕ್ಕೆ ಮುನ್ನ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದುದು ಈಗ 420ನ್ನು ದಾಟಿದೆ. ಗಿಡಮರಗಳು ಈ ವಾಯುವನ್ನು ಹೀರಿ ತಮ್ಮ ಒಡಲನ್ನು ಕಟ್ಟಿಕೊಳ್ಳುತ್ತವೆ. ಒಣಗಿದ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಇಂಗಾಲವೇ. ಬೇರು, ಎಲೆ, ಸಗಣಿಗಳು ಕೊಳೆತು ಮಣ್ಣಿನಲ್ಲಿ ಬೆರೆತಾಗ ಆ ಇಂಗಾಲದ ಒಂದು ಪಾಲು ಭೂಮಿಯಲ್ಲಿ ನಿಲ್ಲುತ್ತದೆ. ಲೋಕದ ಮಣ್ಣೆಲ್ಲ ಸೇರಿ ಹಿಡಿದಿಟ್ಟಿರುವ ಇಂಗಾಲವು ವಾಯುಮಂಡಲದಲ್ಲಿಯೂ ಸಮಸ್ತ ಸಸ್ಯರಾಶಿಯಲ್ಲಿಯೂ ಇರುವುದನ್ನು ಕೂಡಿಸಿದರೂ ಅದಕ್ಕಿಂತ ಹೆಚ್ಚು. ಹೀಗಿರುವಾಗ ತಿಪ್ಪೆಗೊಬ್ಬರ ಹೊತ್ತು ಹೊಲಕ್ಕೆ ಹಾಕಿದ ತಾಯಿ, ಒಡ್ಡಿನ ಮೇಲೆ ಬೇವು ಬನ್ನಿಗಳನ್ನು ಕಾಪಾಡಿದ ಒಕ್ಕಲಿಗ, ಸುಗ್ಗಿ ಮುಗಿದ ಹೊಲದಲ್ಲಿ ಕುರಿ ನಿಲ್ಲಿಸಿದ ಕುರುಬ, ಇವರೆಲ್ಲ ಹೆಸರು ತಿಳಿಯದೆಯೇ ಈ ಕಾಯಕವನ್ನು ತಲೆತಲಾಂತರದಿಂದ ಮಾಡಿಕೊಂಡು ಬಂದವರು. ಕಾಯಕ ಪವಿತ್ರವಾದುದು. ನಮ್ಮ ಆಕ್ಷೇಪವಿರುವುದು ಅದನ್ನು ಕೊಂಡು ಮಾರುವ ಕ್ರಮದ ಬಗೆಗೆ.

ಆ ಕ್ರಮವೇನು? ಒಂದು ಕಾರ್ಖಾನೆ ಹೊಗೆ ಬಿಡುತ್ತದೆ. ಅದನ್ನು ತಗ್ಗಿಸುವುದರ ಬದಲು, ಬೇರೊಂದೆಡೆ ಯಾರೋ ನೆಟ್ಟ ಮರ ಅಥವಾ ಯಾರೋ ಕಾಪಾಡಿದ ಮಣ್ಣು ಇಷ್ಟು ಟನ್ ಹೀರಿದೆ ಎಂಬ ಪತ್ರವನ್ನು ಕೊಂಡು, ತನ್ನ ಹೊಗೆಯ ಲೆಕ್ಕದಿಂದ ಅಷ್ಟನ್ನು ಕಳೆಯುತ್ತದೆ. ನಮ್ಮ ದೇಶದಲ್ಲಿ ಈ ದಾರಿ ಹಂತಹಂತವಾಗಿ ತೆರೆಯಿತು. 2015ರ ಪ್ಯಾರಿಸ್ ಸಮ್ಮೇಳನದ ಹೊತ್ತಿಗೆ ಭಾರತವು 2030ರೊಳಗೆ ಮರ ಅರಣ್ಯಗಳ ಮೂಲಕ 250ರಿಂದ 300 ಕೋಟಿ ಟನ್ನಿನಷ್ಟು ಅಂಗಾರಾಮ್ಲವನ್ನು ಹೆಚ್ಚುವರಿಯಾಗಿ ಹಿಡಿದಿಡುವ ವಚನವಿತ್ತಿತು. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಯಿತು. 2023ರಲ್ಲಿ ಇಂಗಾಲದ ಪತ್ರಗಳ ವಿನಿಮಯ ಯೋಜನೆಯೂ ಗ್ರೀನ್ ಕ್ರೆಡಿಟ್ ನಿಯಮಗಳೂ ಬಂದವು. 2024ರ ಜನವರಿಯಲ್ಲಿ ಕೃಷಿ ಕ್ಷೇತ್ರದ ಇಂಗಾಲ ಮಾರುಕಟ್ಟೆಗೆಂದೇ ಕೇಂದ್ರ ಕೃಷಿ ಸಚಿವಾಲಯವು ಒಂದು ಚೌಕಟ್ಟನ್ನು ಪ್ರಕಟಿಸಿತು.

ನಮ್ಮ ಮೊದಲ ಆಕ್ಷೇಪ ಇದು: ಲೆಕ್ಕವೇ ಕೂಡುವುದಿಲ್ಲ. ಹದಿನೈದು ವರ್ಷ ಶ್ರಮಿಸಿ ನಮ್ಮ ಮರಗಳು ಹಿಡಿದಿಡಬೇಕೆಂದು ನಿಶ್ಚಯಿಸಿದ ಮೊತ್ತ 250ರಿಂದ 300 ಕೋಟಿ ಟನ್. ಕಲ್ಲಿದ್ದಲು ತೈಲಗಳಿಂದ ಈ ದೇಶ ಈಗ ಒಂದೇ ವರ್ಷದಲ್ಲಿ ಹೊರಬಿಡುವುದೂ ಸರಿಸುಮಾರು ಅಷ್ಟೇ! ಒಂದು ಕೈಯಿಂದ ಬಿಂದಿಗೆಯಲ್ಲಿ ತುಂಬಿ, ಇನ್ನೊಂದು ಕೈಯಿಂದ ಕೆರೆಯ ಕೋಡಿಯನ್ನೇ ಒಡೆದಂತಾಯಿತು. ಕಾಲದ ಮಾತೂ ಹಾಗೆಯೇ. ನೆಲದಾಳದ ಕಲ್ಲಿದ್ದಲು ಕೋಟ್ಯಂತರ ವರ್ಷ ಭದ್ರವಾಗಿದ್ದ ನಿಧಿ. ಅದನ್ನು ಸುಟ್ಟ ಹೊಗೆಯ ಒಂದು ಪಾಲು ಶತಮಾನಗಳ ಕಾಲ ಆಗಸದಲ್ಲಿ ಉಳಿಯುತ್ತದೆ. ಅದಕ್ಕೆ ಬದಲಾಗಿ ತೋರಿಸುವ ಮರವಾದರೋ ಒಂದು ಬರಕ್ಕೆ ಒಣಗೀತು, ಒಂದು ಬೆಂಕಿಗೆ ಬೂದಿಯಾದೀತು, ಒಂದು ಕೊಡಲಿಗೆ ಉರುಳೀತು. ಶಾಶ್ವತವಾದ ಸಾಲಕ್ಕೆ ಕ್ಷಣಿಕವಾದ ಜಾಮೀನು ಕೊಡುವುದನ್ನು ಯಾವ ನ್ಯಾಯವಂತ ಶೆಟ್ಟಿಯೂ ಒಪ್ಪಲಾರ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಈ ಮರಗಳನ್ನು ನೆಡುವುದು ಯಾರ ನೆಲದಲ್ಲಿ? ಬೇಡಿಕೆ ಹೆಚ್ಚಿದಂತೆ ವ್ಯಾಪಾರಿಯ ಕಣ್ಣು ಮೊದಲು ಬೀಳುವುದು ಊರೊಟ್ಟಿನ ಭೂಮಿಯ ಮೇಲೆ; ಹಳೆಯ ಮೈಸೂರಿನವರು ಗೋಮಾಳವೆಂದೂ ನಮ್ಮ ಭಾಗದವರು ಗಾಯರಾಣವೆಂದೂ ಕರೆಯುವ ಹುಲ್ಲುಗಾವಲಿನ ಮೇಲೆ. ಕಡತದಲ್ಲಿ ಅದಕ್ಕೆ ಪಾಳುಭೂಮಿ ಎಂದು ಹೆಸರು. ಬಸವಕಲ್ಯಾಣದಿಂದ ಬೇರ್ಪಟ್ಟು ತಾನೇ ತಾಲ್ಲೂಕಾದ ನಮ್ಮ ಹುಲಸೂರಿನ ಸುತ್ತಲಿನವರಿಗೆ, ಹುಮನಾಬಾದಿನ ಜಂಬಿಟ್ಟಿಗೆ ನೆಲದವರಿಗೆ, ಅದು ಪಾಳಲ್ಲವೆಂಬುದು ಗೊತ್ತು. ಭೂಮಿಯಿಲ್ಲದವನ ಎಮ್ಮೆ ಮೇಯುವುದು ಅಲ್ಲಿ. ಬಡವಿಯ ಒಲೆಗೆ ಪುಳ್ಳೆ ಸಿಗುವುದು ಅಲ್ಲಿ. ಕೃಷ್ಣಮೃಗಕ್ಕೆ ಹುಲ್ಲು ಸಿಗುವುದೂ ಅಂಥ ಬಯಲಿನಲ್ಲಿಯೇ. ಕರ್ನಾಟಕದ 1966ರ ಭೂಕಂದಾಯ ನಿಯಮಗಳು ನೂರು ದನಗಳಿಗೆ 12 ಹೆಕ್ಟೇರ್ ಗೋಮಾಳವಿರಬೇಕೆಂದು ವಿಧಿಸಿವೆ. ಊರೊಟ್ಟಿನ ಭೂಮಿಯ ಒತ್ತುವರಿಯನ್ನು ತೆರವುಗೊಳಿಸಲು ಯೋಜನೆ ರೂಪಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2011ರ ಜನವರಿಯಲ್ಲಿ ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಮೋಳಿಗೆಯ ಮಾರಯ್ಯನವರು ಕಾಡಿನ ಸೌದೆಯನ್ನು ಹೊರೆ ಕಟ್ಟಿ ತಂದು ಮಾರಿ ಜಂಗಮ ದಾಸೋಹ ನಡೆಸಿದರು. ಊರಿನ ಕಾಡಿಗೆ ಬೇಲಿ ಹಾಕಿ ಬೀಗ ಜಡಿದಿದ್ದರೆ ಆ ಶರಣರ ಕಾಯಕ ಎಲ್ಲಿ ನಡೆಯುತ್ತಿತ್ತು?

ಇದು ಕಲ್ಪನೆಯ ಭಯವೆಂದು ಯಾರೂ ತಳ್ಳಿಹಾಕದಿರಲಿ. ಈ ನಾಡು ಇದನ್ನು ಒಮ್ಮೆ ಕಂಡು, ಹೋರಾಡಿ ಗೆದ್ದಿದೆ. 1984ರ ನವೆಂಬರ್ 14ರಂದು ರಾಜ್ಯ ಸರ್ಕಾರವು ಹರಿಹರ ಪಾಲಿಫೈಬರ್ಸ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿಯನ್ನು ಕಟ್ಟಿತು. ಸರ್ಕಾರದ ಪಾಲು ನೂರಕ್ಕೆ 51, ಸಂಸ್ಥೆಯ ಪಾಲು 49. ಧಾರವಾಡ, ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಭೂಮಿಯಲ್ಲಿ ನೀಲಗಿರಿಯಂಥ ಮರಗಳನ್ನು ಬೆಳೆದು ಕಾರ್ಖಾನೆಗೆ ಒದಗಿಸುವುದು ಅದರ ಉದ್ದೇಶ. ಹಸಿರು ಬೆಳೆಸುತ್ತೇವೆ, ಪಾಳುಭೂಮಿಯನ್ನು ಉದ್ಧರಿಸುತ್ತೇವೆ ಎಂಬ ಮಾತುಗಳು ಅಂದೂ ಇದ್ದವು. ದನ ಮೇಯಿಸುವ ನೆಲ ಕಳೆದುಕೊಂಡ ಹಳ್ಳಿಗರು ಸುಮ್ಮನೆ ಕೂರಲಿಲ್ಲ. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯವು ಅವರ ಬೆನ್ನಿಗೆ ನಿಂತಿತು, ಡಾ. ಶಿವರಾಮ ಕಾರಂತರೇ ಮೊದಲಾದವರು 1986ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಉಪಯುಕ್ತವಾದ ಗಿಡಗಳನ್ನು ನೆಟ್ಟರು. ಕಿತ್ತಿಕೊ ಹಚ್ಚಿಕೊ ಎಂದು ಹೆಸರಾದ ಸತ್ಯಾಗ್ರಹ ಅದು. 1991ರಲ್ಲಿ ಆ ಕಂಪನಿ ಮುಚ್ಚಿತು. ಅದಕ್ಕೂ ಮೊದಲು, 1983ರ ಆಗಸ್ಟಿನಲ್ಲಿಯೇ, ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ಸಸ್ಯಕ್ಷೇತ್ರಕ್ಕೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು ಹುಣಸೆ, ಮಾವುಗಳ ಬೀಜ ಬಿತ್ತಿದ್ದರು. ಕೊನೆಗೆ 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಬೇಕಾಯಿತು. ಹಳ್ಳಿಗರು ಮೂರು ದಶಕ ಮೊದಲೇ ಕಂಡುದನ್ನು ಕಡತ ಕಾಣಲು ಅಷ್ಟು ಕಾಲ ಹಿಡಿಯಿತು!

ಅಂದು ಮರ ಬೇಕಾಗಿದ್ದುದು ನಾರಿಗಾಗಿ. ಇಂದು ಇಂಗಾಲದ ಪತ್ರಕ್ಕಾಗಿ. ನೆಲ ಅದೇ, ನೆಲ ಕಳೆದುಕೊಳ್ಳುವವನೂ ಅವನೇ. ಅರಣ್ಯ ಸಮೀಕ್ಷೆಯವರ ಲೆಕ್ಕದಲ್ಲಿ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ನೆಲದ ಮೇಲೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ನೆರಳು ಬಿದ್ದರೆ ಸಾಕು, ಮರ ಯಾವುದೇ ಇರಲಿ, ಒಡೆಯ ಯಾರೇ ಇರಲಿ, ಅದು ಅರಣ್ಯವೇ. ಗ್ರೀನ್ ಕ್ರೆಡಿಟ್ಟಿನ 2024ರ ಮೊದಲ ವಿಧಾನದಲ್ಲಿ ಹೆಕ್ಟೇರಿಗೆ ಕನಿಷ್ಠ 1,100 ಮರಗಳೆಂಬ ಗುಣಾಕಾರವಿತ್ತು, ಮರವೊಂದಕ್ಕೆ ಒಂದು ಅಂಕವಿತ್ತು. ಮರ ಬದುಕಿ ಐದು ವರ್ಷವಾಗಬೇಕು, ನೆರಳು ಹರಡಬೇಕು ಎಂಬ ತಿದ್ದುಪಡಿ ಬಂದುದು 2025ರಲ್ಲಿ. ಹುಲ್ಲುಗಾವಲು, ಕುರುಚಲು, ಬಾರೆಕಂಟಿಗಳೂ ಭೂಮಾತೆಯ ಉಡುಗೆಯೇ. ಅವುಗಳ ಬೇರಿನಡಿಯಲ್ಲಿಯೂ ಇಂಗಾಲ ನಿಂತಿದೆ. ಅದನ್ನು ಅಗೆದು ಗುಂಡಿ ತೋಡಿ ಒಂದೇ ಜಾತಿಯ ಮರದ ಸಾಲು ನಿಲ್ಲಿಸುವುದನ್ನು ಅರಣ್ಯೀಕರಣವೆಂದು ಕರೆಯಲು ನಮಗೆ ನಾಲಗೆ ಬಾರದು.

ಮೂರನೆಯ ಆಕ್ಷೇಪವು ನ್ಯಾಯಕ್ಕೆ ಸಂಬಂಧಿಸಿದುದು. ಈ ಮಾರುಕಟ್ಟೆಯ ಒಂದು ಮೂಲ ನಿಯಮವಿದೆ: ಹಣ ಸಲ್ಲುವುದು ಹೊಸದಾಗಿ ಮಾಡಿದ ಕೆಲಸಕ್ಕೆ ಮಾತ್ರ. ಎರಡು ಹೊಲಗಳನ್ನು ಊಹಿಸಿರಿ. ಒಬ್ಬ ಒಕ್ಕಲಿಗನು ಅಜ್ಜನ ಕಾಲದ ಒಡ್ಡುಗಳನ್ನು ಕೆಡದಂತೆ ಕಾದು, ತೊಗರಿಯೊಡನೆ ಜೋಳ ಬೆಳೆದು, ವರ್ಷ ತಪ್ಪದೆ ಗೊಬ್ಬರ ಹಾಕುತ್ತ ಬಂದಿದ್ದಾನೆ. ಅವನ ನೆರೆಯವನು ಮರಗಳನ್ನು ಕಡಿದು ಮಾರಿ, ಒಡ್ಡು ಒಡೆದು, ಕಬ್ಬಿನ ರವದಿಗೆ ವರ್ಷವರ್ಷವೂ ಬೆಂಕಿಯಿಟ್ಟಿದ್ದಾನೆ. ನಾಳೆ ಆ ನೆರೆಯವನು ರವದಿ ಸುಡುವುದನ್ನು ಬಿಟ್ಟು ನಾಲ್ಕು ಗಿಡ ನೆಟ್ಟರೆ ಅವನಿಗೆ ಪತ್ರ ಸಿಗುತ್ತದೆ. ಮೊದಲಿನವನು ಹೊಸದೇನನ್ನೂ ಮಾಡದ ಕಾರಣ ಅವನಿಗೆ ಕಾಸೂ ಇಲ್ಲ. ಕೆಡಿಸಿದವನಿಗೆ ಬಹುಮಾನ, ಕಾಯ್ದವನಿಗೆ ಮೌನ. ಇದೆಂಥ ನ್ಯಾಯ?

ಬಡ ರೈತನಿಗೆ ನಾಲ್ಕು ಕಾಸು ಬರುವುದಾದರೆ ಸ್ವಾಮಿಗಳಿಗೇಕೆ ಸಂಕಟ ಎಂದು ಕೇಳುವವರಿದ್ದಾರೆ. ಪ್ರಶ್ನೆ ಯೋಗ್ಯವಾದುದೇ. ಒಂದು ಹೆಕ್ಟೇರಿನ ಮೇಲ್ಮಣ್ಣು, ಆರು ಅಂಗುಲದ ಆಳಕ್ಕೆ, ಸುಮಾರು 2,000 ಟನ್ ತೂಗುತ್ತದೆ. ಅದರ ಸಾವಯವ ಇಂಗಾಲವನ್ನು ನೂರಕ್ಕೆ 0.1ರಷ್ಟು ಏರಿಸಿದರೆ 2 ಟನ್ ಇಂಗಾಲ, ಎಂದರೆ ಏಳು ಟನ್ನಿಗೂ ತುಸು ಹೆಚ್ಚು ಅಂಗಾರಾಮ್ಲ ನೆಲದಲ್ಲಿ ನಿಂತಂತೆ. ಬಿಸಿಲಿನ ಈ ಸೀಮೆಯಲ್ಲಿ ಅಷ್ಟನ್ನು ಏರಿಸಲು ಹಲವು ವರ್ಷಗಳ ಗೊಬ್ಬರ, ಬೆವರು ಬೇಕು. ಆ ಏಳು ಟನ್ನಿನ ಬೆಲೆಯಲ್ಲಿ ಅಳೆಯುವವನ ಪಾಲು, ಪ್ರಮಾಣಪತ್ರ ಕೊಡುವವನ ಪಾಲು, ಮಧ್ಯಸ್ಥನ ಪಾಲು ಕಳೆದು ಒಕ್ಕಲಿಗನ ಅಂಗೈಗೆ ಬೀಳುವುದೆಷ್ಟು? ಪಾಲಿಗೆ ಹೊಲ ಮಾಡುವವನ ಹೆಸರು ಆ ಒಪ್ಪಂದದಲ್ಲಿ ಇರುತ್ತದೆಯೇ? ಅನ್ಯ ಭಾಷೆಯಲ್ಲಿ ಬರೆದ ಹಲವು ವರ್ಷಗಳ ಕಟ್ಟುಪಾಡಿಗೆ ಹೆಬ್ಬೆಟ್ಟು ಒತ್ತಿದ ಮೇಲೆ, ಬರ ಬಂದು ಮರ ಮಾರಬೇಕಾದರೆ ಯಾರ ಅಪ್ಪಣೆ ಬೇಕು? ಇವಕ್ಕೆ ಉತ್ತರ ದೊರೆಯುವ ತನಕ ಸಹಿ ಮಾಡಬೇಡಿರೆಂಬುದು ನಮ್ಮ ಕಟ್ಟುನಿಟ್ಟಿನ ಮಾತು. ಮಣ್ಣಿನ ಇಂಗಾಲದ ನಿಜವಾದ ಲಾಭ ಮಣ್ಣಿನಲ್ಲಿಯೇ ಇದೆ: ನೀರು ಹಿಡಿಯುವ ಶಕ್ತಿ ಹೆಚ್ಚುತ್ತದೆ, ಮಳೆ ಕೈಕೊಟ್ಟ ವಾರಗಳಲ್ಲಿ ತೊಗರಿ, ಉದ್ದು ತಾಳಿಕೊಳ್ಳುತ್ತವೆ. ಆ ಲಾಭಕ್ಕೆ ಯಾವ ಪತ್ರವೂ ಬೇಡ.

ಹಾಗಾದರೆ ಮಾಡಬೇಕಾದುದೇನು? ನಾವು ಸರ್ಕಾರದ ಮುಂದೆ ನಾಲ್ಕು ಮಾತುಗಳನ್ನು ಇಡುತ್ತೇವೆ.

ಒಂದು: ಗಾಯರಾಣದ ಒಂದು ಗುಂಟೆಯನ್ನೂ ಇಂಗಾಲದ ಹೆಸರಿನಲ್ಲಿ ಯಾವ ಕಂಪನಿಗೂ ಕೊಡಲಾಗದು. ಅಲ್ಲಿ ಯಾವ ಗಿಡ ಬೇಕು, ಎಷ್ಟು ಹುಲ್ಲು ಬೇಕು ಎಂಬುದನ್ನು ದನಕಾಯುವವರೂ ಹೆಣ್ಣುಮಕ್ಕಳೂ ಕುಳಿತ ಗ್ರಾಮಸಭೆಯೇ ನಿರ್ಣಯಿಸಬೇಕು.

ಎರಡು: ಮಣ್ಣನ್ನು ಕಾಯ್ದವನಿಗೆ ಗೌರವಧನವು ಸರ್ಕಾರದಿಂದಲೇ ಸಲ್ಲಬೇಕು, ಹೊಗೆಯ ವ್ಯಾಪಾರಿಯಿಂದಲ್ಲ. ಅಳತೆಗೋಲು ಈಗಾಗಲೇ ಇದೆ. 2015ರಿಂದ ಕೊಡಲಾದ ಮಣ್ಣಿನ ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲ 0.5ಕ್ಕಿಂತ ಕಡಿಮೆಯಿದ್ದರೆ ಕನಿಷ್ಠ, 0.75ನ್ನು ಮೀರಿದರೆ ಉತ್ತಮ. ಉತ್ತಮವಾಗಿ ಉಳಿಸಿಕೊಂಡವನಿಗೂ ಸಲ್ಲಲಿ, ಏರಿಸಿದವನಿಗೂ ಸಲ್ಲಲಿ.

ಮೂರು: ನೆಟ್ಟ ಸಸಿಯನ್ನು ಎಣಿಸುವುದು ಬಿಟ್ಟು, ಬದುಕಿದ ಗಿಡವನ್ನು ಎಣಿಸಬೇಕು. 2011-12ರಲ್ಲಿ ಆರಂಭವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯು ಉಳಿದ ಸಸಿಗಳಿಗೆ ಮೂರು ವರ್ಷ ಪ್ರೋತ್ಸಾಹಧನ ಕೊಡುವ ಮಾರ್ಗವನ್ನು ತೋರಿಸಿದೆ. ಬೇವು, ಹುಣಸೆ, ಹೊಂಗೆ, ನೇರಳೆ, ಬನ್ನಿಗಳಿಗೆ ಆ ಮೂರು ವರ್ಷವನ್ನು ಹತ್ತಾಗಿಸಲಿ. 2023ರಲ್ಲಿ ರಾಜ್ಯದ ಅರಣ್ಯ ಖಾತೆ ವಹಿಸಿಕೊಂಡ ಶ್ರೀ ಈಶ್ವರ ಖಂಡ್ರೆಯವರು ಬೀದರ ಜಿಲ್ಲೆಯವರೇ ಆಗಿರುವುದರಿಂದ ಈ ಮಾತನ್ನು ಸಲುಗೆಯಿಂದಲೇ ಹೇಳುತ್ತಿದ್ದೇವೆ.

ನಾಲ್ಕು: ಹೊಗೆ ಬಿಡುವವನು ತನ್ನ ಹೊಗೆಯನ್ನು ತಾನೇ ತಗ್ಗಿಸಲಿ. ಮರ ಮಣ್ಣುಗಳ ಹೆಸರಿನ ಪತ್ರವನ್ನು ತೋರಿಸಿ ಒಂದು ಟನ್ನನ್ನೂ ಅವನ ಲೆಕ್ಕದಿಂದ ಕಳೆಯಬಾರದು.

ಇನ್ನು ನಮ್ಮವರಿಗೇ ಎರಡು ಮಾತು. ಜಾತ್ರೆ, ಪುಣ್ಯಸ್ಮರಣೆ, ಜಯಂತಿಗಳಂದು ಸಸಿ ನೆಟ್ಟು ಭಾವಚಿತ್ರ ತೆಗೆಸಿಕೊಳ್ಳುವ ರೂಢಿ ಮಠಮಾನ್ಯಗಳಲ್ಲಿ ಬೆಳೆದಿದೆ. ಮಾರನೆಯ ದಿನ ಆ ಸಸಿಗೆ ನೀರೆರೆಯುವವರಾರು? ನೀರೆರೆಯದ ಸಸಿಯೂ ಒಂದು ಬಗೆಯ ಸುಳ್ಳುಪತ್ರವೇ. ಜಮೀನುಳ್ಳ ಪ್ರತಿಯೊಂದು ಮಠವೂ ತನ್ನ ಹೊಲದ ಒಡ್ಡು, ಮರ, ಮಣ್ಣುಗಳ ಲೆಕ್ಕವನ್ನು ಭಕ್ತರ ಮುಂದೆ ಇಡಲಿ. ಪ್ರಸಾದ ನಿಲಯದಲ್ಲಿ ಉಂಡು ಓದಿ ಇಂದು ಕಂದಾಯ, ಅರಣ್ಯ, ಕೃಷಿ ಇಲಾಖೆಗಳಲ್ಲಿಯೂ ಬ್ಯಾಂಕುಗಳಲ್ಲಿಯೂ ಅಧಿಕಾರದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಅನೇಕರು. ಪಾಳುಭೂಮಿ ಎಂಬ ಪದವನ್ನು ಕಡತದಲ್ಲಿ ಬರೆಯುವ ಲೇಖನಿ ನಿಮ್ಮ ಕೈಯಲ್ಲಿದೆ. ಬರೆಯುವ ಮುನ್ನ ಒಮ್ಮೆ ಆ ನೆಲಕ್ಕೆ ಹೋಗಿ, ಅಲ್ಲಿ ಮೇಯುತ್ತಿರುವ ದನ ಯಾರದೆಂದು ಕೇಳಿರಿ. ನಿಮ್ಮ ಊರಿನ ಒಕ್ಕಲಿಗನ ಮುಂದೆ ಒಪ್ಪಂದದ ಕಾಗದ ಬಂದಾಗ ಅದನ್ನು ಓದಿ ಕನ್ನಡದಲ್ಲಿ ತಿಳಿಯಹೇಳಿರಿ. ಮಠಕ್ಕೆ ನೀವು ಸಲ್ಲಿಸಬಹುದಾದ ದಾಸೋಹ ಇದಕ್ಕಿಂತ ದೊಡ್ಡದಿಲ್ಲ.

ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನವರ ಕಾಯಕವಾಗಿತ್ತು. ಒಂದು ದಿನ ಅವರು ಎಂದಿಗಿಂತ ಹೆಚ್ಚು ತಂದಾಗ ಪತ್ನಿ ಲಕ್ಕಮ್ಮನವರು ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಲು ಹಿಂದಕ್ಕೆ ಕಳುಹಿಸಿದರೆಂಬ ಕಥೆಯನ್ನು ಕಲ್ಯಾಣದ ನೆರೆಯವರಾದ ನಾವು ಬಾಲ್ಯದಿಂದ ಕೇಳಿದ್ದೇವೆ. ಹೆಚ್ಚು ತಂದವರೇ ಹಿಂದಿರುಗಿ ಹೋಗಿ ಸುರಿದರು. ಇನ್ನೊಬ್ಬರಿಗೆ ಕೂಲಿ ಕೊಟ್ಟು ಕಳುಹಿಸಲಿಲ್ಲ. ಲೋಕದ ಅಂಗಳದಿಂದ ಮಿತಿಮೀರಿ ಬಾಚಿಕೊಂಡವರಿಗೂ ಇದೇ ಉಪದೇಶ ಸಾಕು. ಸದ್ಭಕ್ತರ ಹೊಲಗಳು ಹಸನಾಗಲಿ, ಗಾಯರಾಣಗಳು ಊರಿನವರಾಗಿಯೇ ಉಳಿಯಲಿ, ಸರ್ವರಿಗೂ ಸನ್ಮಂಗಲವಾಗಲಿ ಎಂದು ಹಾರೈಸುತ್ತೇವೆ.