ಎಷ್ಟಾದ್ರೂ ಕೊಡಿ

ನಮ್ಮ ಬೆಟ್ಟದಪುರದ ಹೆಂಗಸರ ಬಾಯಿಗೆ ಬಲು ಸಲೀಸಾಗಿ ಬರುವ ಮಾತು ಯಾವುದೆಂದು ಯಾರಾದರೂ ಕೇಳಿದರೆ ನಾನು ಯೋಚಿಸದೆ ಹೇಳಬಲ್ಲೆ: 'ಎಷ್ಟಾದ್ರೂ ಕೊಡಿ.' ರವಿಕೆ ಹೊಲಿದುಕೊಟ್ಟವಳ ಮಾತೂ ಅದೇ, ಸೀರೆ ಸೆರಗಿಗೆ ಕುಚ್ಚು ಕಟ್ಟಿದವಳ ಮಾತೂ ಅದೇ, ನಾಮಕರಣಕ್ಕೆ ನೂರು ಹೋಳಿಗೆ ತಟ್ಟಿಕೊಟ್ಟು ಸೊಂಟ ಹಿಡಿದುಕೊಂಡವಳ ಮಾತೂ ಅದೇ. ಕೊಟ್ಟದ್ದನ್ನು ಎದುರಿಗೆ ಎಣಿಸಬಾರದು, ಅದು ಮರ್ಯಾದೆ. ಒಳಗೆ ಹೋಗಿ ಎಣಿಸಿ, ಮುಖ ಸಣ್ಣಗೆ ಮಾಡಿಕೊಂಡು, ಗಂಡನ ಮುಂದೆ 'ಪಾಪ, ಅವ್ರಿಗೂ ಕಷ್ಟ' ಎನ್ನಬೇಕು. ಅದೂ ಮರ್ಯಾದೆಯೇ!

ಈ ಮಾತನ್ನು ನಾವು ಇನ್ನು ಬಿಡಬೇಕು ಎಂದು ಜಗಳ ಕಾಯಲೆಂದೇ ಬರೆಯುತ್ತಿದ್ದೇನೆ. ಸೌಜನ್ಯ ಎಂದುಕೊಂಡು ನಾವು ಆಡುವ ಈ ಮಾತಿನಿಂದ ಇನ್ನೊಬ್ಬಳ ಅನ್ನಕ್ಕೆ ಕಲ್ಲು ಬೀಳುತ್ತದೆ. ಹಾಗೆ ಕಲ್ಲು ಹಾಕಿದವಳು ನಾನೇ ಆದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.

ನನ್ನ ಕಸುಬು ವೆಬ್‌ಸೈಟ್ ಮಾಡಿಕೊಡುವುದು. ಊಟದ ಮೇಜಿನ ಒಂದು ತುದಿ ನನ್ನ ಆಫೀಸು. ಇನ್ನೊಂದು ತುದಿಯಲ್ಲಿ ಉಪ್ಪಿನಕಾಯಿ ಜಾಡಿ. 2020ರ ಲಾಕ್‌ಡೌನಿನಲ್ಲಿ ಮಗಳ ಆನ್‌ಲೈನ್ ಪಾಠಕ್ಕೆಂದು ತಂದ ಲ್ಯಾಪ್‌ಟಾಪಿನಲ್ಲಿ ಕಲಿಯಲು ಶುರು ಮಾಡಿದೆ. ಎರಡು ವರ್ಷದಲ್ಲಿ ಕೊಡಗಿನ ಕಡೆಯ ಒಂದು ಹೋಂಸ್ಟೇ, ಕೃಷ್ಣರಾಜನಗರದ ಒಂದು ಟ್ಯೂಷನ್ ಕ್ಲಾಸು, ನೆಂಟರ ಪೈಕಿ ಒಬ್ಬರ ನರ್ಸರಿ ಹೀಗೆ ಕೆಲಸ ಬರತೊಡಗಿತು. ಆಮೇಲೆ ಬಂದದ್ದೇ ಹುಣಸೂರು ಕಡೆಯ ಒಂದು ಕಲ್ಯಾಣ ಮಂಟಪ.

ಮಂಟಪದ ಯಜಮಾನರು ದೊಡ್ಡವರು, ಮಾತು ಮೃದು. 'ಐದು ಪುಟ ಸಾಕು ಕಣಮ್ಮಾ, ನೀನು ಮನೇಲಿ ಕೂತ್ಕಂಡು ಮಾಡೋದ್ ತಾನೆ' ಎಂದರು. ನಾನು ವಾಡಿಕೆಯಂತೆ 'ಎಷ್ಟಾದ್ರೂ ಕೊಡಿ' ಎಂದೆ. ಐದು ಪುಟ ಎಂಟಾಯಿತು. ಊಟದ ಹಾಲಿನ ಫೋಟೋ ಮೂರು ಸಲ ಬದಲಾಯಿತು. ಮುಹೂರ್ತದ ದಿನಗಳ ಪಟ್ಟಿ ಹಾಕಿ ಎಂದರು, ಹಾಕಿದೆ. ಅಳಿಯಂದಿರಿಗೆ ಬಣ್ಣ ಹಿಡಿಸಲಿಲ್ಲ, ಬದಲಿಸಿದೆ. ಕೊನೆಗೆ ಒಂದು ಕೇಜಿ ಮೈಸೂರು ಪಾಕು, 3000 ರೂಪಾಯಿ. ನಾನು ಎದುರಿಗೆ ಎಣಿಸಲಿಲ್ಲ.

ಆ ತಿಂಗಳು ಯಾವ ದೇವರು ಬುದ್ಧಿ ಕೊಟ್ಟನೋ, ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಕೂತ ಗಂಟೆಗಳನ್ನೂ ಬರೆದಿಟ್ಟಿದ್ದೆ. ಮಂಟಪಕ್ಕೆ ಒಟ್ಟು 46 ಗಂಟೆ. ವೆಬ್‌ಸೈಟಿನ ಹೆಸರು ನೋಂದಾಯಿಸಲು ವರ್ಷಕ್ಕೆ 900, ಅದನ್ನು ಇಡುವ ಜಾಗದ ಬಾಡಿಗೆ 1700, ಎರಡೂ ನನ್ನ ಕಾರ್ಡಿನಿಂದಲೇ ಹೋಗಿತ್ತು. ಮೂರು ಸಾವಿರದಲ್ಲಿ ಅದನ್ನು ಕಳೆಯಿರಿ. ಉಳಿದದ್ದು 400 ರೂಪಾಯಿ. 46ರಿಂದ ಭಾಗಿಸಿದೆ. ಗಂಟೆಗೆ ಒಂಬತ್ತು ರೂಪಾಯಿಯೂ ಇಲ್ಲ! ನಮ್ಮ ಮನೆ ಹಿಂದಿನ ಹೊಲಕ್ಕೆ ಹೊಗೆಸೊಪ್ಪು ಮುರಿಯಲು ಬರುವ ಹೆಂಗಸು ಬೆಳಿಗ್ಗೆಯೇ ಕೂಲಿ ಎಷ್ಟೆಂದು ಮಾತಾಡಿಕೊಂಡು ಗದ್ದೆಗಿಳಿಯುತ್ತಾಳೆ. ಅಕ್ಷರ ಕಲಿತ ನನಗೆ ಆ ಬುದ್ಧಿ ಇರಲಿಲ್ಲ.

ಆದರೂ ಇಷ್ಟೇ ಆಗಿದ್ದರೆ ಇದು ನನ್ನ ಮೂರ್ಖತನದ ಕತೆಯಾಗಿ ನಮ್ಮ ಮನೆಯಲ್ಲೇ ಮುಗಿಯುತ್ತಿತ್ತು. ಎರಡು ವಾರ ಕಳೆದ ಮೇಲೆ ಒಂದು ಸಂಜೆ ಫೋನು ಬಂತು. ಪಿರಿಯಾಪಟ್ಟಣದಿಂದ ಒಬ್ಬ ಹೆಣ್ಣುಮಗಳು. ಅವಳದೂ ಇದೇ ಕಸುಬು. ಗಂಡನಿಲ್ಲ, ಬಾಡಿಗೆ ಮನೆ, ಓದುವ ಹುಡುಗ. ಮಂಟಪದವರು ಮೊದಲು ಅವಳನ್ನೇ ಕೇಳಿದ್ದರಂತೆ. ಅವಳು 12,000 ಹೇಳಿದ್ದಳು. ಹತ್ತಕ್ಕೆ ಒಪ್ಪಿಯೂ ಆಗಿತ್ತು. ಅಷ್ಟರಲ್ಲಿ 'ಬೆಟ್ಟದಪುರದಲ್ಲಿ ಒಬ್ರು ಕೊಟ್ಟಷ್ಟಕ್ಕೆ ಮಾಡ್ತಾರೆ' ಎಂಬ ಸುದ್ದಿ ಅವರಿಗೆ ಮುಟ್ಟಿತ್ತು.

ಅವಳು ಬಯ್ಯಲಿಲ್ಲ. ಬೈದಿದ್ದರೆ ತಿರುಗಿಸಿ ಏನಾದರೂ ಅಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. 'ಅಕ್ಕ, ನಿಮ್ಮನೇಲಿ ಅಕ್ಕಿ ಸಾಮಾನು ಅಣ್ಣನ ಸಂಬಳದಲ್ಲಿ ಬರುತ್ತೆ. ನೀವು ಎಷ್ಟಾದ್ರೂ ಕೊಡಿ ಅನ್ಬಹುದು. ನಾನು ಅನ್ನೋಕಾಗಲ್ಲ. ಈಗ ನಾನು ರೇಟು ಹೇಳಿದ್ರೆ ಎಲ್ರೂ ನಿಮ್ಮ ಹೆಸರು ಹೇಳ್ತಾರೆ' ಎಂದಳು. ಆ ರಾತ್ರಿ ಮೈಸೂರು ಪಾಕಿನ ಡಬ್ಬಿ ತೆಗೆದ ಮಗಳನ್ನು ಸುಮ್ಮಸುಮ್ಮನೆ ಗದರಿದೆ.

ನೋಡಿ, ಆ ಕೆಲಸವನ್ನು ಅಷ್ಟು ಅಗ್ಗಕ್ಕೆ ಮಾಡಲು ಸಾಧ್ಯವಾದದ್ದು ನನ್ನ ಉದಾರ ಗುಣದಿಂದಲ್ಲ. ನಮ್ಮ ಯಜಮಾನರ ಸಂಬಳದಿಂದ. ಕರೆಂಟ್ ಬಿಲ್ಲು, ಇಂಟರ್‌ನೆಟ್ಟು, ಮನೆ, ಊಟ ಎಲ್ಲ ಅವರ ತಲೆಯ ಮೇಲೆ. ಅಂದರೆ ಹುಣಸೂರಿನ ಕಡೆಯ ಒಬ್ಬ ಅನುಕೂಲಸ್ಥರ ಮಂಟಪಕ್ಕೆ ನಮ್ಮ ಮನೆಯವರು ತಿಳಿಯದೆ ಚಂದಾ ಕೊಟ್ಟಂತಾಯಿತು! 'ಕೈಖರ್ಚಿಗೆ ಆದರೆ ಸಾಕು' ಎಂದು ಕಡಿಮೆ ದರ ಹೇಳುವ ಪ್ರತಿ ಗೃಹಿಣಿಯೂ ಊರಿನಲ್ಲಿ ಅದೇ ಕಸುಬಿನಿಂದ ಬದುಕಬೇಕಾದವಳ ದರವನ್ನು ಕತ್ತರಿಸುತ್ತಿರುತ್ತಾಳೆ. ರವಿಕೆಯಲ್ಲೂ ಹೀಗೇ, ಟ್ಯೂಷನ್ನಿನಲ್ಲೂ ಹೀಗೇ, ಚಕ್ಕುಲಿ ನಿಪ್ಪಟ್ಟಿನಲ್ಲೂ ಹೀಗೇ. ಇದನ್ನು ಓದುತ್ತಾ ನಿಮ್ಮ ಬೀದಿಯ ಯಾವುದೋ ಹೊಲಿಗೆ ಮಿಷನ್ನಿನ ಸದ್ದು ನೆನಪಾಗಿದ್ದರೆ ಒಂದು ಕ್ಷಣ ಯೋಚಿಸಿ.

ನಮ್ಮ ಸೀಮೆಯವರಿಗೆ ದರದ ಪಾಠ ಹೊಸದೇನಲ್ಲ. ಪಿರಿಯಾಪಟ್ಟಣ, ಹುಣಸೂರು ಎಂದರೆ ಹೊಗೆಸೊಪ್ಪು. 1984ರಲ್ಲಿ ತಂಬಾಕು ಮಂಡಳಿಯ ಹರಾಜು ಕರ್ನಾಟಕದಲ್ಲಿ ಶುರುವಾಗುವ ಮುಂಚೆ ವ್ಯಾಪಾರಿ ಹೇಳಿದ್ದೇ ಬೆಲೆ ಎಂಬ ಕಾಲವಿತ್ತು ಎಂದು ಮಾವನವರು ಹೇಳುತ್ತಿದ್ದರು. ಈಗ ಹರಾಜು ಎಲೆಕ್ಟ್ರಾನಿಕ್ ಆಗಿದೆ. ಆದರೂ ಬೆಳೆದವನು ಬೇಲಿನ ಪಕ್ಕ ನಿಂತಿರುತ್ತಾನೆ, ಬೆಲೆಯನ್ನು ಬೇರೆಯವರು ಕೂಗುತ್ತಾರೆ. ಅದು ಬಿದ್ದಾಗ ಅವನು ಸುಮ್ಮನಿರುವುದಿಲ್ಲ. ಹರಾಜು ನಿಲ್ಲಿಸಿ ರಸ್ತೆಗೆ ಕೂರುತ್ತಾನೆ. ಅದೇ ಮನೆಯ ಹೆಂಗಸು ಒಳಗೆ ರಾತ್ರಿಯೆಲ್ಲ ಬ್ಯಾರನ್ನಿನ ಬಿಸಿ ಕಾದು, ಹಗಲು ಸೊಪ್ಪು ಗ್ರೇಡ್ ಮಾಡಿ, ತನ್ನ ಪಾಲಿಗೆ ಯಾವ ದರವೂ ಇಲ್ಲದೆ ಅಡುಗೆಗೆ ಏಳುತ್ತಾಳೆ. ಗಂಡಸು ದರಕ್ಕೆ ಜಗಳ ಮಾಡಿದರೆ ಹೋರಾಟ. ನಾವು ದರ ಹೇಳಿದರೆ 'ಎಷ್ಟು ಕಾಸಿನ ಆಸೆ ನೋಡಿ ಅವಳಿಗೆ!'

ನಮ್ಮ ದುಡಿಮೆಗೆ ದೇಶ ಬೆಲೆ ಕಟ್ಟಲೇ ಇಲ್ಲ ಎನ್ನುವಂತಿಲ್ಲ. ಕಟ್ಟಿದೆ, ಸತ್ತ ಮೇಲೆ. 1989ರ ಮಾರ್ಚ್ 3ರಂದು ಜಮ್‌ಶೆಡ್‌ಪುರದ ಸಮಾರಂಭವೊಂದರಲ್ಲಿ ಬೆಂಕಿ ಬಿದ್ದು ಎಷ್ಟೋ ಹೆಂಗಸರೂ ಮಕ್ಕಳೂ ತೀರಿಕೊಂಡರು. ಪರಿಹಾರದ ಆ ಮೊಕದ್ದಮೆಯಲ್ಲಿ 2001ರಲ್ಲಿ ಸುಪ್ರೀಂ ಕೋರ್ಟು ಮಧ್ಯವಯಸ್ಸಿನ ಗೃಹಿಣಿಯ ಸೇವೆಯನ್ನು ತಿಂಗಳಿಗೆ 3000 ರೂಪಾಯಿ ಎಂದು ಲೆಕ್ಕ ಹಿಡಿಯಿತು. ಅಪಘಾತದಲ್ಲಿ ತೀರಿಕೊಂಡ ಗೃಹಿಣಿಗೂ ಆದಾಯವಿತ್ತೆಂದೇ ಲೆಕ್ಕ ಹಾಕಬೇಕು ಎಂದು 2021ರಲ್ಲಿ ಮತ್ತೊಮ್ಮೆ ಒತ್ತಿ ಹೇಳಿತು. ಒಳ್ಳೆಯದೇ. ಆದರೆ ಬದುಕಿರುವಾಗ? 2019ರ ಸರ್ಕಾರಿ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸಕ್ಕೆ ಕೈಹಾಕುವ ಹೆಂಗಸರು ಸಂಬಳವಿಲ್ಲದ ಆ ದುಡಿಮೆಯಲ್ಲಿ ದಿನಕ್ಕೆ 299 ನಿಮಿಷ ಕಳೆಯುತ್ತಾರೆ, ಗಂಡಸರು 97. ಆ ಸುಮಾರು ಐದು ಗಂಟೆ ಮುಗಿಸಿ ನಾನು ಲ್ಯಾಪ್‌ಟಾಪ್ ತೆರೆಯುವುದು. ಪುಕ್ಕಟೆ ದುಡಿದು ದುಡಿದು ರೂಢಿಯಾದ ಕೈಗೆ ಆರನೆಯ ಗಂಟೆಗೆ ದರ ಹೇಳಲು ನಾಚಿಕೆ!

ವಾದ ಮಾಡುವವರು ಇದ್ದಾರೆ, ಇಲ್ಲದೆ ಏನು. ನನ್ನ ತಮ್ಮನೇ ಒಬ್ಬ. 'ವೆಬ್‌ಸೈಟ್ ಮಾಡೋ ಸಾಫ್ಟ್‌ವೇರೇ ಫ್ರೀ ಅಲ್ವಾ ಅಕ್ಕ, ಇನ್ನ್ಯಾತಕ್ಕೆ ದುಡ್ಡು?' ನಿಜ. ವೆಬ್ ಎಂಬುದನ್ನೇ 1993ರ ಏಪ್ರಿಲ್ 30ರಂದು ಜಿನೀವಾದ ಸರ್ನ್ ಸಂಸ್ಥೆ ಯಾವ ಶುಲ್ಕವೂ ಇಲ್ಲದೆ ಜಗತ್ತಿಗೆ ಬಿಟ್ಟುಕೊಟ್ಟಿತು. ನಾನು ಬಳಸುವ ವರ್ಡ್‌ಪ್ರೆಸ್ 2003ರಿಂದ ಪುಕ್ಕಟೆ. ಕನ್ನಡ ಟೈಪು ಮಾಡಲು ಶೇಷಾದ್ರಿ ವಾಸು ಅವರು 1998ರಲ್ಲಿ 'ಬರಹ' ಕೊಟ್ಟರು. ಅವರಿಗೆಲ್ಲ ಕೈಮುಗಿಯುತ್ತೇನೆ. ಆದರೆ ಕೆರೆಯ ಮಣ್ಣು ಪುಕ್ಕಟೆ ಎಂದು ಕುಂಬಾರನಿಗೆ ಮಡಕೆಯ ಕಾಸು ಕೊಡದೆ ಎದ್ದು ಬರುತ್ತೇವೆಯೇ?

ಇನ್ನೊಬ್ಬರು ಹಿರಿಯರು ಕಾಯಕದ ಮಾತು ತೆಗೆದರು. 'ನಮ್ಮ ಶರಣೆಯರು ದುಡ್ಡು ಕೇಳಿದ್ರೇನಮ್ಮ?' ಅವರಿಗೆ ನಾನು ಆಯ್ದಕ್ಕಿ ಲಕ್ಕಮ್ಮನನ್ನು ನೆನಪಿಸಿದೆ. ಗಂಡ ಮಾರಯ್ಯ ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲೇ ಹಾಕಿ ಬನ್ನಿ ಎಂದು ಕಳಿಸಿದವಳು ಆಕೆ. ಅಂದರೆ ಆಕೆಗೆ ತನ್ನ ಅಳತೆ ಗೊತ್ತಿತ್ತು. ಇಂದು ಎಷ್ಟು ಬೇಕು ಎಂದು ಲೆಕ್ಕ ಇಟ್ಟಿದ್ದಳು. ಆ ಲೆಕ್ಕ ಗೊತ್ತಿದ್ದವಳಿಗೆ ಹೆಚ್ಚು ಬಂದದ್ದೂ ಕಾಣುತ್ತದೆ, ಕಡಿಮೆ ಬಂದದ್ದೂ ಕಾಣುತ್ತದೆ. 'ಎಷ್ಟಾದ್ರೂ ಕೊಡಿ' ಎನ್ನುವವಳ ಕೈಯಲ್ಲಿ ಅಳತೆಯೇ ಇಲ್ಲ. ಹಿರಿಯರು ಕಾಫಿ ಕುಡಿದು ಹೊರಟರು.

ಅಳತೆ ಎಂದೆನಲ್ಲ, ನನ್ನದನ್ನು ಹೇಳುತ್ತೇನೆ, ಮುಚ್ಚಿಡುವುದೇನಿದೆ. ಲ್ಯಾಪ್‌ಟಾಪ್ 48,000, ನಾಲ್ಕು ವರ್ಷ ಬಾಳುತ್ತದೆ ಎಂದುಕೊಂಡರೆ ತಿಂಗಳಿಗೆ 1000. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಇರುವುದಕ್ಕಿಂತ ಇಲ್ಲದ್ದೇ ಹೆಚ್ಚು. ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಬುಡದಲ್ಲಿದ್ದು ಗುಡುಗು ಸಿಡಿಲಿಗೆ ದೂರು ಹೇಳಬಾರದು, ಆದರೆ ಇನ್ವರ್ಟರ್ ಬ್ಯಾಟರಿಗೆ ತಿಂಗಳಿಗೆ 400 ಎಂದು ಬರೆಯಲೇಬೇಕು. ಇಂಟರ್‌ನೆಟ್ಟಿಗೆ 700, ಕರೆಂಟಿಗೆ 300. ಒಟ್ಟು 2400. ಬಸ್ಸು ಹತ್ತಿ ಮೈಸೂರಿಗೆ ಹೋಗಿ ದುಡಿದರೆ 18,000 ಸಿಕ್ಕೀತು ಎಂದು ಇಟ್ಟುಕೊಂಡೆ. ಎರಡೂ ಸೇರಿ 20,400. ತಿಂಗಳಿಗೆ ನಾನು ಕೂರುವುದು 120 ಗಂಟೆ. ಅದರಲ್ಲಿ 40 ಗಂಟೆ ಫೋನು, ಹೊಸದು ಕಲಿಯುವುದು, 'ದುಡ್ಡು ಯಾವಾಗ ಹಾಕ್ತೀರಿ' ಎಂದು ಅಂಗಲಾಚುವುದರಲ್ಲೇ ಕಳೆಯುತ್ತದೆ. ಉಳಿದ 80ರಿಂದ ಭಾಗಿಸಿದರೆ ಗಂಟೆಗೆ 255. ಮಂಟಪದ 46 ಗಂಟೆಗೆ 11,730. ಹೆಸರು, ಜಾಗದ ಬಾಡಿಗೆ ಬೇರೆ. ಪಿರಿಯಾಪಟ್ಟಣದವಳು ಹೇಳಿದ 12,000ವನ್ನು ನೆನಪಿಸಿಕೊಳ್ಳಿ. ಅವಳು ಬಾಯಿಗೆ ಬಂದದ್ದು ಹೇಳಿರಲಿಲ್ಲ.

ಈಗ ಒಂದು ಹಾಳೆಯಲ್ಲಿ ಎಲ್ಲ ಬರೆದುಕೊಡುತ್ತೇನೆ. ಎಷ್ಟು ಪುಟ, ಎಷ್ಟು ಸಲ ತಿದ್ದುವುದು (ಎರಡು ಸಲ, ಅಳಿಯಂದಿರೂ ಸೇರಿ), ಅರ್ಧ ಮುಂಗಡ. ಬಿಲ್ಲು ಕೊಟ್ಟರೆ ತೆರಿಗೆಯವರು ಬರುತ್ತಾರೆ ಎಂದು ಹೆದರಿಸಿದವರುಂಟು. ವರ್ಷಕ್ಕೆ 20 ಲಕ್ಷ ದಾಟದವರಿಗೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಕಡ್ಡಾಯವಲ್ಲ. ಇಪ್ಪತ್ತು ಲಕ್ಷ! ಅಷ್ಟು ಬಂದ ದಿನ ನಾನೇ ತೆರಿಗೆಯವರಿಗೆ ಹೋಳಿಗೆ ತಟ್ಟುತ್ತೇನೆ.

ಅನಾಥಾಲಯಕ್ಕೋ ಸರ್ಕಾರಿ ಶಾಲೆಗೋ ಪುಕ್ಕಟೆ ಮಾಡಿಕೊಡಬಾರದೇ ಎಂದು ಕೇಳಬೇಡಿ. ಧಾರಾಳವಾಗಿ ಮಾಡುತ್ತೇನೆ. ಆಗಲೂ ಬಿಲ್ಲು ಬರೆದು, ಕೆಳಗೆ 'ದೇಣಿಗೆ' ಎಂದು ಬರೆಯುತ್ತೇನೆ. ಇಷ್ಟು ಕೊಟ್ಟೆವು ಎಂದಾದರೂ ನಮಗೆ ಗೊತ್ತಿರಬೇಕಲ್ಲ. ಹೊಸ ದರ ಕೇಳಿ ಮೂವರು ಗಿರಾಕಿಗಳು ಬಿಟ್ಟುಹೋದರು ಎಂಬುದನ್ನೂ ಹೇಳಿಬಿಡುತ್ತೇನೆ. ನಷ್ಟವಾಗಲಿಲ್ಲ ಎಂದರೆ ಸುಳ್ಳಾದೀತು. ಒಂದು ತಿಂಗಳು ಕೈಯಲ್ಲಿ ಕೆಲಸವೇ ಇರಲಿಲ್ಲ. ನಮ್ಮ ಯಜಮಾನರು ಏನೂ ಅನ್ನಲಿಲ್ಲ, ಪೇಪರು ಸ್ವಲ್ಪ ಜೋರಾಗಿ ಮಡಚಿದರು.

ಹೋದ ಆಷಾಢದಲ್ಲಿ ಮಂಟಪದ ಯಜಮಾನರು ಮತ್ತೆ ಫೋನು ಮಾಡಿದರು. ಈಗ ಅವರಿಗೆ ಹೊಸ ಹಾಲು, ಮೇಲೆ ಹತ್ತು ರೂಮು. ವೆಬ್‌ಸೈಟು ಪೂರ್ತಿ ಹೊಸದಾಗಿ ಬೇಕು. 'ಹಿಂದಿನ ಥರಾನೇ ನೋಡ್ಕೊಂಡು ಮಾಡಮ್ಮಾ' ಎಂದರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಹಾಳೆ ನೋಡಿಕೊಂಡು '13,000 ಆಗುತ್ತೆ, ಅರ್ಧ ಮುಂಗಡ' ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. 'ಏನವ್ವಾ, ನೀನೂ ಹಿಂಗಾ?' ಎಂದು ಇಟ್ಟರು.

ತಕ್ಷಣ ನಾನು ಪಿರಿಯಾಪಟ್ಟಣಕ್ಕೆ ಫೋನು ಮಾಡಿ ನಡೆದದ್ದು ತಿಳಿಸಿದೆ. ಮೂರನೆಯ ದಿನ ಅವಳೇ ಕರೆ ಮಾಡಿದಳು. ಮಂಟಪದವರು ಅವಳಲ್ಲಿಗೆ ಹೋಗಿದ್ದರಂತೆ.

'ಎಷ್ಟು ಹೇಳಿದ್ಯೇ?' ಎಂದೆ.

'ಹದಿನಾಲ್ಕು ಅಕ್ಕ. ಏಳು ಸಾವಿರ ಇವತ್ತು ಬಂತು.'