ಹಾರುವ ಓತಿಗೆ ನೆಲವೂ ಬೇಕು

ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಮೈತುಂಬ ಮುಳ್ಳಿರುವ ಪುಟ್ಟ ಓತಿಯೊಂದಿದೆ. ಅದರ ಚರ್ಮದಲ್ಲಿ ಕೂದಲೆಳೆಯಷ್ಟು ಸಪೂರದ ಕಾಲುವೆಗಳಿವೆ; ಮೈಗೆ ತಗುಲಿದ ತೇವ ಅವುಗಳ ಮೂಲಕ ಹರಿದು ಬಾಯಿಯನ್ನು ಸೇರುತ್ತದೆ. ಇರುವೆಯೇ ಅದರ ಆಹಾರ. ಅದೇ ಅಗಾಮಿಡೇ ಕುಟುಂಬದ, ಇರುವೆಯನ್ನೇ ಮುಖ್ಯವಾಗಿ ನೆಚ್ಚಿದ ಮತ್ತೊಂದು ಓತಿ ಮಂಗಳೂರಿನ ಆಸುಪಾಸಿನ ಅಡಿಕೆ ತೋಟಗಳಿಂದ ಘಟ್ಟದ ಕಾಡಿನವರೆಗೆ ಬದುಕಿದೆ. ಅದರ ದೇಹವನ್ನು ನೀರಿನ ಅಭಾವ ರೂಪಿಸಿದರೆ, ಇದರ ದೇಹವನ್ನು ರೂಪಿಸಿದ್ದು ಮರದಿಂದ ಮರಕ್ಕಿರುವ ಅಂತರ.

1837ರಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಡ್ಯುಮೆರಿಲ್ ಮತ್ತು ಬಿಬ್ರೋನ್ ಇದಕ್ಕೆ ‘ಡ್ರಾಕೊ ಡಸ್ಸುಮಿಯೆರಿ’ ಎಂದು ಹೆಸರಿಟ್ಟರು. ಕನ್ನಡಿಗರ ಮನಸ್ಸಿನಲ್ಲಿ ಇದನ್ನು ನೆಲೆಗೊಳಿಸಿದ್ದು 1980ರಲ್ಲಿ ಪ್ರಕಟವಾದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ. ರೆಕ್ಕೆಯಂತೆ ತೋರುವುದು ನಿಜವಾದ ರೆಕ್ಕೆಯಲ್ಲ. ನೀಳವಾಗಿ ಬೆಳೆದ ಪಕ್ಕೆಲುಬುಗಳ ಮೇಲೆ ಹರಡಿಕೊಂಡ ಚರ್ಮದ ಪೊರೆ. ಪೊರೆ ಮಡಚಿ ಕುಳಿತಾಗ ತೊಗಟೆಗೂ ಓತಿಗೂ ವ್ಯತ್ಯಾಸ ತಿಳಿಯದು. ಗಂಡು ತನ್ನ ಗಂಟಲಿನ ಹಳದಿ ಚೀಲವನ್ನು ಬಿಚ್ಚಿದಾಗ ಮಾತ್ರ ಗುಟ್ಟು ರಟ್ಟಾಗುತ್ತದೆ. ಜಿಗಿದ ಬಳಿಕ ಓತಿಯು ಮುಂಗಾಲುಗಳಿಂದ ಪೊರೆಯ ಅಂಚನ್ನು ಹಿಡಿದು ತೇಲುವ ದಿಕ್ಕನ್ನು ನಿಯಂತ್ರಿಸುತ್ತದೆ ಎಂಬುದು ಆಗುಂಬೆ ಪರಿಸರದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಿಂದ ಬೆಳಕಿಗೆ ಬಂತು.

ಪಕ್ಷಿಯಂತೆ ಮೇಲಕ್ಕೇರುವ ಶಕ್ತಿ ಇದಕ್ಕಿಲ್ಲ. ಒಂದು ಮರದ ಎತ್ತರದಿಂದ ಇನ್ನೊಂದರ ಕೆಳಭಾಗಕ್ಕೆ ತೇಲಿ, ಮತ್ತೆ ಹತ್ತಬೇಕು. ನಡುವಿನ ಮರಗಳು ಉರುಳಿದರೆ ದಾರಿ ಕಡಿಯುತ್ತದೆ. ಬಾಳೆಲ್ಲ ಮರದ ಮೇಲೆಯೇ ಕಳೆದರೂ ಹೆಣ್ಣು ಮೊಟ್ಟೆಯಿಡಲು ನೆಲಕ್ಕಿಳಿಯಲೇಬೇಕು. ಮಣ್ಣಿನಲ್ಲಿ ಸಣ್ಣ ಗುಳಿ ತೋಡಿ ಮೊಟ್ಟೆಯಿಟ್ಟು ಮುಚ್ಚಬೇಕು. ಆದುದರಿಂದ ತೋಟವೆಂದರೆ ಇದಕ್ಕೆ ಕೇವಲ ಮರಗಳ ಸಾಲಲ್ಲ, ಮರದ ಬುಡದ ಮಣ್ಣೂ ಹೌದು.

ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಈ ಓತಿ ಅಳಿವಿನಂಚಿನ ಜೀವಿಯಲ್ಲ. ಆದರೆ ಇದರ ಮುಖ್ಯ ನೆಲೆ ಪಶ್ಚಿಮ ಘಟ್ಟ ಮತ್ತು ಅದರ ತಪ್ಪಲು. ಕಾಡಿನ ಹೊರಗೆ ಇದನ್ನು ಉಳಿಸಿಕೊಂಡು ಬಂದದ್ದು ಅಭಯಾರಣ್ಯವಲ್ಲ, ಕೃಷಿಕನ ತೋಟ. ನಗರದಂಚಿನ ತೋಟ ಬಡಾವಣೆಯಾದಾಗ ನೆಲಕ್ಕೆ ಕಾಂಕ್ರೀಟು ಬೀಳುತ್ತದೆ. ಹಳ್ಳಿಯ ತೋಟದ ಬುಡಕ್ಕೆ ಕಳೆನಾಶಕ ಬೀಳುತ್ತದೆ. ಆಳು ಸಿಗದೆ ಕಳೆನಾಶಕದ ಕ್ಯಾನು ಹಿಡಿದ ಕೃಷಿಕನನ್ನು ದೂರಿ ಫಲವಿಲ್ಲ. ಆದರೆ ಇಡೀ ತೋಟಕ್ಕೆ ಸಿಂಪಡಿಸುವ ಬದಲು ಬೇಲಿಯಂಚಿನ ಒಂದು ಪಟ್ಟಿಯನ್ನಾದರೂ ಅಗೆಯದೆ, ವಿಷ ಹಾಕದೆ, ತರಗೆಲೆಯೊಂದಿಗೆ ಬಿಡಲು ಖರ್ಚೇನೂ ಇಲ್ಲ. ಬೇಲಿಯ ಹಳೆಯ ಮರವನ್ನು ಕಡಿಯದಿರುವುದಕ್ಕೂ ಅಷ್ಟೆ.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ತಮ್ಮ ಊರಿನ, ಕಾಲೇಜಿನ ಆವರಣದ ಯಾವ ಮರದಲ್ಲಿ, ಯಾವ ತಿಂಗಳಲ್ಲಿ ಓತಿ ಕಂಡಿತು, ಹೆಣ್ಣು ಎಲ್ಲಿ ನೆಲಕ್ಕಿಳಿಯಿತು ಎಂಬುದನ್ನು ಮುಟ್ಟದೆ, ಹಿಡಿಯದೆ ಬರೆದಿಡಲಿ. ಮುಂದೊಂದು ದಿನ ಆ ತೋಟದ ಮೇಲೆ ರಸ್ತೆಯ ಗೆರೆ ಎಳೆಯುವವರ ಮುಂದಿಡಲು ಊರಿನ ಬಳಿ ಒಂದು ದಾಖಲೆ ಇರುತ್ತದೆ.