ಬಿಯರ್ ನಮ್ಮೂರಿಂದು, ಕಾಳು ಯಾರದು?

ಹೊಲ-ಗದ್ದೆ ಬಿಟ್ಟು ಬಿಯರ್ ಬಗ್ಗೆ ಯಾಕೆ ಬರೆದೆ ಅಂತ ಕೆಲವರು ಕೇಳ್ತೀರಿ. ಬಿಯರ್ ಅಂದ್ರೆ ಮೊಳಕೆ ಬರಿಸಿ ಒಣಗಿಸಿದ ಕಾಳಿನ ರಸ. ಕಾಳಿನ ವಿಷಯ ಅಂದ ಮೇಲೆ ರೈತ ಮಾತಾಡಬೇಕು.

ಬೆಂಗಳೂರಿನಲ್ಲಿ 2010–11ರ ಸುಮಾರಿಗೆ ಮೈಕ್ರೋಬ್ರೂವರಿಗಳು ಶುರುವಾದವು. ಇಂದಿರಾನಗರದ ಟೊಯಿಟ್ ಆ ಮೊದಲ ಸಾಲಿನದು. ಹೋದ ತಿಂಗಳು ಅಂಥದ್ದೇ ಒಂದು ಕಡೆ ಪೇಲ್ ಏಲ್ ಕುಡಿದು ನೋಡಿದೆ. ಬೆಲ್ಲದ ಪಾನಕದ ಬಣ್ಣ, ಸ್ವಲ್ಪ ಮಬ್ಬು. ಮೂಗಿಗೆ ಮೊದಲು ಬರೋದು ಕಿತ್ತಳೆ ಸಿಪ್ಪೆ ವಾಸನೆ. ಬಾಯಲ್ಲಿ ಮೊದಲು ತೆಳು ಸಿಹಿ, ಮನೇಲಿ ಮೊಳಕೆ ರಾಗಿ ಹುರಿಯುವಾಗ ಬರೋ ಘಮ. ಆಮೇಲೆ ಕಹಿ, ಹಾಗಲಕಾಯಿ ತಿಂದ ಹಾಗೆ ನಾಲಿಗೆ ಹಿಂದೆ ನಿಲ್ಲುತ್ತೆ. ರುಚಿಗೆ ನನ್ನ ತಕರಾರಿಲ್ಲ.

ತಕರಾರು ಇರೋದು "ಲೋಕಲ್" ಅನ್ನೋ ಮಾತಿಗೆ. ಆ ಸಿಹಿ ಬಾರ್ಲಿಯದು. ಬಾರ್ಲಿ ಬೆಳೆಯೋದು ಮುಖ್ಯವಾಗಿ ರಾಜಸ್ಥಾನ, ಉತ್ತರಪ್ರದೇಶದ ಕಡೆ. ಕಹಿ, ಕಿತ್ತಳೆ ವಾಸನೆ ಹಾಪ್ಸ್ ಹೂವಿಂದು. ಅದು ಹೆಚ್ಚಾಗಿ ವಿದೇಶದಿಂದ ಬರುತ್ತೆ. ಹಾಪ್ಸ್‌ಗೆ ತಂಪು, ಉದ್ದ ಹಗಲು ಬೇಕು, ನಮ್ಮಲ್ಲಿ ಆಗಲ್ಲ, ಬಿಡಿ. ಆದರೆ ಕಾಳು?

ಲೆಕ್ಕ ಹಾಕೋಣ. ಅರ್ಧ ಲೀಟರ್ ಪೇಲ್ ಏಲ್‌ಗೆ ಸುಮಾರು 100 ಗ್ರಾಂ ಮಾಲ್ಟ್, ಅಂದ್ರೆ 125 ಗ್ರಾಂ ಬಾರ್ಲಿ. 2026–27ರ ಬಾರ್ಲಿ ಬೆಂಬಲ ಬೆಲೆ ಕ್ವಿಂಟಾಲಿಗೆ ₹2,150. ಆ ಗ್ಲಾಸಿನಲ್ಲಿ ರೈತನ ಪಾಲು ಮೂರು ರೂಪಾಯಿಗೂ ಕಮ್ಮಿ. ಗ್ಲಾಸಿನ ಬೆಲೆ ಮುನ್ನೂರರ ಮೇಲೆ.

ಈಗ ಐದರಲ್ಲಿ ಒಂದು ಪಾಲು ರಾಗಿ ಹಾಕಿದರೆ? 25 ಗ್ರಾಂ ರಾಗಿ ಸಾಕು. 2025–26ರ ಬೆಂಬಲ ಬೆಲೆ ₹4,886 ಕೊಟ್ಟರೂ ಗ್ಲಾಸಿಗೆ ಹೆಚ್ಚುವ ಖರ್ಚು 70 ಪೈಸೆ. ಮೊಳಕೆ ಕಟ್ಟುವ ಕೂಲಿ ಸೇರಿಸಿ ಎರಡು ರೂಪಾಯಿ ಅನ್ನಿ. ಹಾಗಾಗಿ ದುಬಾರಿ ಅನ್ನೋ ನೆಪ ನಡೆಯಲ್ಲ.

ಕಷ್ಟ ಬೇರೆ ಇದೆ. ಬಾರ್ಲಿಗೆ ಹೊಟ್ಟು ಇರುತ್ತೆ, ಅದೇ ಜರಡಿ ಥರ ರಸ ಸೋಸುತ್ತೆ. ರಾಗಿಗೆ ಹೊಟ್ಟಿಲ್ಲ, ಸಣ್ಣ ಕಾಳು, ಬರೀ ರಾಗಿ ಹಾಕಿದರೆ ಗಂಜಿಯಾಗಿ ಕಟ್ಟಿಕೊಳ್ಳುತ್ತೆ. ಆದರೆ ಪಾಲು ಕಮ್ಮಿ ಇದ್ದರೆ ಬಾರ್ಲಿ ಹೊಟ್ಟೇ ಸಾಕು, ಜಾಸ್ತಿಯಾದರೆ ಭತ್ತದ ಹೊಟ್ಟು ಬೆರೆಸಬಹುದು. ಅದಕ್ಕೆ ನಮ್ಮ ಭದ್ರಾ ಅಚ್ಚುಕಟ್ಟಿನ ಮಿಲ್ಲುಗಳಲ್ಲಿ ಬರವಿಲ್ಲ. ಸಿಕ್ಕಿಂನಲ್ಲಿ ರಾಗಿಯಿಂದಲೇ ತೊಂಗ್ಬಾ ಮಾಡಿ ಕುಡೀತಾರೆ, ಆಗದ ಕೆಲಸ ಏನಲ್ಲ. ಮೊಳಕೆ ಕಟ್ಟೋದು ನಮ್ಮ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಿಲ್ಲ, ಮಗುವಿನ ರಾಗಿ ಸರಿಗೆ ಮಾಡೋದೇ ಅದನ್ನ. ಬೇಕಿರೋದು ಪ್ರತಿ ಸಲ ಒಂದೇ ಗುಣಮಟ್ಟ ಕೊಡುವ ಸಣ್ಣ ಮಾಲ್ಟ್ ಘಟಕ.

ಅತಿ ಆಸೆಯೂ ಬೇಡ. ಸಾವಿರ ಲೀಟರಿನ ಒಂದು ಬ್ಯಾಚಿಗೆ ಬೇಕಾಗೋದು ಅರ್ಧ ಕ್ವಿಂಟಾಲ್ ರಾಗಿ. ತಿಂಗಳಿಗೆ ಹತ್ತು ಬ್ಯಾಚ್ ಮಾಡುವ ಬ್ರೂವರಿಗೆ ವರ್ಷಕ್ಕೆ 60 ಕ್ವಿಂಟಾಲ್. ಆರೇಳು ಎಕರೆ ಮಳೆಯಾಶ್ರಿತ ಬೆಳೆ, ಅಷ್ಟೇ. ಜಗಳೂರು ಕಡೆ ಮೆಕ್ಕೆಜೋಳದ ರೇಟು ಬಿದ್ದಾಗ ಇದು ಯಾರನ್ನೂ ಎತ್ತಲ್ಲ. ಒಂದು ರೈತ ಉತ್ಪಾದಕ ಕಂಪನಿಯ ನಾಲ್ಕಾರು ಮನೆಗೆ ಖಾತ್ರಿ ಗಿರಾಕಿ ಸಿಗಬಹುದು, ಹತ್ತು ಬ್ರೂವರಿ ಬಂದರೆ ಅರವತ್ತು-ಎಪ್ಪತ್ತು ಎಕರೆ.

ಕುಡಿತಕ್ಕೆ ಕುಮ್ಮಕ್ಕು ಕೊಡ್ತೀರಾ ಅನ್ನೋರಿಗೂ ಒಂದು ಮಾತು. 2007ರಲ್ಲಿ ಸಾರಾಯಿ ನಿಷೇಧ ಆಗುವ ಮೊದಲೂ ಆಮೇಲೂ ಕುಡಿತದಿಂದ ಹಾಳಾದ ಮನೆಗಳನ್ನ ನಾವೆಲ್ಲ ನೋಡಿದ್ದೀವಿ. ಕುಡೀರಿ ಅಂತ ನಾನು ಯಾರಿಗೂ ಹೇಳ್ತಿಲ್ಲ. ಹೇಗೂ ಮಾರಾಟ ಆಗ್ತಿರೋ ಗ್ಲಾಸಿಗೆ "ಲೋಕಲ್" ಅಂತ ಹೆಸರಿಡೋರು ಲೋಕಲ್ ಕಾಳನ್ನ ಬೆಂಬಲ ಬೆಲೆಗೆ ಕಮ್ಮಿ ಇಲ್ಲದೆ, ಬಿತ್ತನೆಗೆ ಮೊದಲೇ ಬರವಣಿಗೆಯಲ್ಲಿ ಒಪ್ಪಂದ ಮಾಡಿ ಕೊಳ್ಳಲಿ ಅಂತಿದ್ದೀನಿ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ರಾಗಿ ಮಾಲ್ಟ್ ಮಾಡಿ ಮಾರುವ ಸಂಘದವರು ಇದ್ದರೆ ತಿಂಗಳಿಗೆ ಎಷ್ಟು ಕ್ವಿಂಟಾಲ್ ಮಾಡಬಲ್ಲಿರಿ, ಒಣಗಿಸೋದು ಹೇಗೆ ಅಂತ ಕೆಳಗೆ ಬರೀರಿ. ಬ್ರೂವರಿಯವರ ಹತ್ರ ಮಾತಿಗೆ ಕೂರೋಕೆ ಮೊದಲು ನಮ್ಮ ಲೆಕ್ಕ ನಮ್ಮ ಕೈಲಿರಬೇಕು.